ಕಲ್ಲುಹೂವು ಮತ್ತು ಈರಬಸಪ್ಪನ ಎಡಗೆನ್ನೆ

ಈರಬಸಪ್ಪನ ಮುಖದಲ್ಲಿ ಎರಡು ಊರುಗಳಿದ್ದವು. ಬಲಗೆನ್ನೆ ನವಲಗುಂದದ ಎರೆಹೊಲದ ಬಣ್ಣ. ಎಡಗೆನ್ನೆ ಆಗತಾನೆ ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯ ಬಣ್ಣ. ನಡುವೆ ಮೂಗು, ಎರಡೂ ಊರಿನವರು ತಮ್ಮದಲ್ಲವೆಂದು ಬಿಟ್ಟುಕೊಟ್ಟ ಗಡಿಕಲ್ಲಿನ ಹಾಗೆ ನಿಂತಿತ್ತು. ಇದು ಹುಟ್ಟಿನಿಂದ ಬಂದದ್ದಲ್ಲ. ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ಅವನು ಸರ್ಕಾರಿ ಬಸ್ಸು ಓಡಿಸಿ ಕಳೆದಿದ್ದ. ಚಾಲಕನ ಬಲಕ್ಕೆ ಕಿಟಕಿ, ಕಿಟಕಿಯ ಆಚೆ ಸೂರ್ಯ. ಸೂರ್ಯನನ್ನು ಟಿಕೇಟು ಕೇಳುವವರಿಲ್ಲ. ಅವನು ದಿನವೂ ಬಂದು ಅದೇ ಕೆನ್ನೆಯ ಮೇಲೆ ಕೂತು ಊರೂರು ಸುತ್ತಿ ಹೋಗುತ್ತಿದ್ದ.

ನಿವೃತ್ತನಾಗಿ ಬಮ್ಮಿಗಟ್ಟಿಯ ಮನೆಗೆ ಬಂದು ಹೆಂಡತಿ ಗುರವ್ವನೊಡನೆ ನೆರಳಲ್ಲಿ ಕೂತ ಮೇಲೂ ಆ ಕೆನ್ನೆ ತಿಳಿಯಾಗಲಿಲ್ಲ. ಈರಬಸಪ್ಪನಿಗೆ ಒಳಗೊಳಗೇ ಸಂಕೋಚ. ಯಾರಾದರೂ ಫೋಟೋ ತೆಗೆಯುತ್ತಾರೆಂದರೆ ಬಲಗಡೆಯನ್ನು ಅಡಗಿಸಿ ಎಡಗೆನ್ನೆಯನ್ನಷ್ಟೇ ಮುಂದೆ ಮಾಡುತ್ತಿದ್ದ. ಹೀಗಾಗಿ ನೆಂಟರ ಮದುವೆಯ ಆಲ್ಬಮ್ಮುಗಳಲ್ಲೆಲ್ಲ ಅವನು, ಊಟದ ಪಂಕ್ತಿ ಎದ್ದಿತೋ ಇಲ್ಲವೋ ಎಂದು ನೋಡುತ್ತಿರುವವನ ಹಾಗೆ, ಅಡ್ಡಮುಖದಲ್ಲೇ ಉಳಿದುಬಿಟ್ಟಿದ್ದ.

ಇಂಥ ಮುಖವೊಂದು ವಿಶ್ವವಿದ್ಯಾಲಯಕ್ಕೆ ಬೇಕಾದೀತು ಎಂದು ಯಾರು ತಾನೇ ಎಣಿಸಿದ್ದರು?

ಅಳ್ನಾವರದಲ್ಲಿರುವ ಅವನ ಅಣ್ಣನ ಮಗಳು ರೋಹಿಣಿ ಧಾರವಾಡದಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಮಾವು ಮಿಡಿಗಟ್ಟುವ ದಿನಗಳಲ್ಲಿ ಒಂದು ರವಿವಾರ ಅವಳು ಕಾಕಾನ ಊರಿಗೆ ಬಂದವಳು, ಚಹಾ ಕುಡಿಯುವುದಕ್ಕೂ ಮೊದಲು ಊರಾಚೆಯ ಮಾವಿನ ಗಿಡದ ಬೊಡ್ಡೆಗೆ ಭೂತಗನ್ನಡಿ ಹಿಡಿದು ಮೂಗು ತಾಗಿಸಿ ನಿಂತುಬಿಟ್ಟಳು. ಅಲ್ಲಿ ಇದ್ದದ್ದು ಕಲ್ಲುಹೂವು, ಬೂದಿಬಣ್ಣದ ಹಕ್ಕಳೆ. ಇದನ್ನು ನಾವು ಮಸಾಲಿ ಖಾರಕ್ಕೆ ಹಾಕುತ್ತೇವೆ, ಇದನ್ನು ನೋಡುವುದಕ್ಕೆ ಇಷ್ಟೆಲ್ಲ ಓದಬೇಕೇ ಎಂದು ಗುರವ್ವ ಕೇಳಿದಳು. ಕಾಕು, ಖಾರಕ್ಕೆ ಹಾಕುವುದು ಇದರ ದೊಡ್ಡಮ್ಮನ ಮಗಳು, ಇದು ಬೇರೆ, ಎಂದಳು ರೋಹಿಣಿ.

ಗುರವ್ವ ಚಹಾ ಇಡಲು ಮನೆಗೆ ಹೋದ ಮೇಲೆ ರೋಹಿಣಿ ಗಿಡದ ಬುಡದಲ್ಲೇ ಕೂತು ಹೇಳಿದ್ದನ್ನು ಈರಬಸಪ್ಪ ಬಾಯಿ ತೆರೆದು ಕೇಳಿದ. ಈ ಹಕ್ಕಳೆಗೆ ಬೇರಿಲ್ಲ, ಎಲೆಯಿಲ್ಲ. ಎರಡು ಜೀವಗಳು ಕೂಡಿ ಮಾಡಿದ ಒಂದು ಮನೆ ಅದು. ಬೂಷ್ಟಿನ ಜಾತಿಯದೊಂದು ಗೋಡೆ, ಮಾಡು ಕಟ್ಟುತ್ತದೆ. ಪಾಚಿಯ ಜಾತಿಯದೊಂದು ಬೆಳಕು ಹಿಡಿದು ಅಡಿಗೆ ಮಾಡುತ್ತದೆ. ಬಿಸಿಲು ಬೇಕು, ಆದರೆ ಸುಡುವ ಬಿಸಿಲು ಬೇಡ. ಎದ್ದು ನೆರಳಿಗೆ ಹೋಗೋಣವೆಂದರೆ ಕಾಲಿಲ್ಲ. ಅದಕ್ಕೇ ತನ್ನ ಮೈಯೊಳಗೆ ತಾನೇ ಒಂದು ರಸಾಯನ ಮಾಡಿಕೊಂಡು ಛತ್ರಿಯ ಹಾಗೆ ಮೇಲೆ ಹರಡಿಕೊಳ್ಳುತ್ತದೆ. ರೋಹಿಣಿ ಮತ್ತು ಅವಳ ಜೊತೆಯವರು ಅದನ್ನು ತೆಗೆದು ಗಾಜಿನ ಮೇಲೆ ಹಚ್ಚಿ, ಎಷ್ಟು ಬಿಸಿಲು ದಾಟುತ್ತದೆ, ಎಷ್ಟು ನಿಲ್ಲುತ್ತದೆ ಎಂದು ಅಳೆಯುತ್ತಿದ್ದಾರೆ. ಮುಂದೊಂದು ದಿನ ಮನುಷ್ಯರ ಚರ್ಮ ಕಾಯುವ ಕ್ರೀಮಿಗೆ ಅದು ಬಂದರೂ ಬಂದೀತು. ಸದ್ಯಕ್ಕೆ ಗಾಜು ಮಾತ್ರ.

ಬೊಡ್ಡೆಯ ಬಿಸಿಲು ಬೀಳುವ ಮಗ್ಗುಲಲ್ಲಿ ಹಕ್ಕಳೆ ಹಳದಿಗೆ ತಿರುಗಿ ದಪ್ಪಗಿತ್ತು, ನೆರಳಿನ ಮಗ್ಗುಲಲ್ಲಿ ತಿಳಿಹಸಿರು. ಅದನ್ನು ತೋರಿಸುತ್ತಿದ್ದ ರೋಹಿಣಿ ಹಾಗೇ ತಿರುಗಿ ಕಾಕಾನ ಮುಖ ನೋಡಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಕಾಕಾ, ನಿಮ್ಮ ಮಾರಿನೂ ಈ ಬೊಡ್ಡಿ ಇದ್ದಂಗ ಐತಿ. ಬಿಸಲು ಏನ ಮಾಡತೈತಿ ಅಂತ ನಾ ಭಾಷಣದಾಗ ಹೇಳೋದು ಬ್ಯಾಡ, ನಿಮ್ಮನ್ನ ತೋರಿಸಿದ್ರ ಸಾಕು. ಮುಂದಿನ ಐತವಾರ ಛಲೋ ಕ್ಯಾಮೆರಾ ತರತೀನಿ. ಅಲ್ಲೀತನಕ ಮಾರಿ ಹಿಂಗ ಇರಲಿ."

ಇದು, ಹೊರಡುವಾಗ ಹಿರಿಯರಿಗೆ 'ಆರೋಗ್ಯ ನೋಡಿಕೊಳ್ರಿ' ಎನ್ನುತ್ತೇವಲ್ಲ, ಅಂಥದೇ ಮಾತು. ಬಸ್ಸು ಹತ್ತುವಾಗ ಇನ್ನೊಂದನ್ನೂ ಅವಳು ಹೇಳಿದಳು. ಈ ಕಲ್ಲುಹೂವಿನ ಸುದ್ದಿಯನ್ನು ಊರಲ್ಲಿ ಆಡಬೇಡಿ, ಜನ ಗಿಡ ಕೆರೆದು ಕೆನ್ನೆಗೆ ಹಚ್ಚಿಕೊಂಡಾರು, ಇದರಲ್ಲಿ ಯಾವುದು ಮೈಗೆ ಉರಿ ತರುತ್ತದೆಂದು ನಮಗಿನ್ನೂ ಗೊತ್ತಿಲ್ಲ.

ಆದರೆ ಜೀವಮಾನವೆಲ್ಲ ಡಿಪೋದ ಹುಕುಂ ಪಾಲಿಸಿದವನಿಗೆ ಮಾತು ಯಾವುದು, ಹುಕುಂ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಹಿಂಗ ಇರಲಿ ಎಂದರೆ ಹೀಗೇ ಇರಬೇಕು. ಬಲಗೆನ್ನೆ ಒಂದು ಕೂದಲೆಳೆಯಷ್ಟೂ ಬೆಳ್ಳಗಾಗಬಾರದು, ಎಡಗೆನ್ನೆ ಒಂದು ಕೂದಲೆಳೆಯಷ್ಟೂ ಕಪ್ಪಾಗಬಾರದು. ಯಾರಿಗೂ, ಗುರವ್ವನಿಗೂ, ಹೇಳಬಾರದು. ಸಂಜೆಯ ಹೊತ್ತಿಗೆ ಅವನ ಮನಸ್ಸಿನಲ್ಲಿ ಆ ಫೋಟೋ ಬೆಳೆದು ಬೆಳೆದು ಕ್ರೀಮಿನ ಡಬ್ಬಿಯ ಮೇಲೆ ಹೋಗಿ ಕೂತಿತ್ತು. ಡಬ್ಬಿಯ ಮೇಲಿನ ಈರಬಸಪ್ಪ ಅಡ್ಡಮುಖ ಹಾಕಿರಲಿಲ್ಲ. ಎರಡೂ ಊರುಗಳನ್ನು ಒಟ್ಟಿಗೆ ಹೊತ್ತು ನೆಟ್ಟಗೆ ನೋಡುತ್ತಿದ್ದ. ಯಾರಿಗೂ ಬೇಡವಾಗಿದ್ದ ಮುಖವನ್ನು ಒಬ್ಬರು ಬೇಕೆಂದು ಕೇಳಿದ್ದಾರೆ. ಇನ್ನು ರವಿವಾರದ ತನಕ ಅದನ್ನು ಕಾಯುವುದೇ ಅವನ ಡ್ಯೂಟಿ.

ಮರುದಿನದಿಂದ ಅವನಿಗೂ ಸೂರ್ಯನಿಗೂ ಲೆಕ್ಕಾಚಾರ ಶುರುವಾಯಿತು. ಅವನ ಓಣಿ ತೆಂಕಣದಿಂದ ಬಡಗಣಕ್ಕೆ ಬಸ್ ನಿಲ್ದಾಣದ ತನಕ ನೆಟ್ಟಗೆ ಹೋಗುತ್ತದೆ. ಬೆಳಿಗ್ಗೆ ಹೋಗುವಾಗ ಬಿಸಿಲು ಬಲಕ್ಕೆ, ಅಡ್ಡಿಯಿಲ್ಲ. ಬರುವಾಗ ಎಡಕ್ಕೆ, ಅದಾಗದು. ಆದ್ದರಿಂದ ಬರುವಾಗ ಅವನು ಬಡಗಣಕ್ಕೇ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಮನೆಗೆ ಬಂದ. ಸಂಜೆ ಸೂರ್ಯ ಮಗ್ಗುಲು ಬದಲಿಸಿದಾಗ ಹೋಗುವುದು ಹಿಮ್ಮುಖ, ಬರುವುದು ಮುಮ್ಮುಖ. ಬಸ್ಸನ್ನು ಎಂಥ ಸಂದಿಯಲ್ಲೂ ಹಿಂದಕ್ಕೆ ತಂದು ನಿಲ್ಲಿಸಿದ ಮನುಷ್ಯ. ಕಾಲುಗಳಿಗೆ ಅದು ಕಷ್ಟವಾಗಲಿಲ್ಲ. ಇದಲ್ಲದೆ ಎಡಗೆನ್ನೆಯ ಮೇಲೆ ಟಾವೆಲ್ಲು. ಅದು ಜಾರಬಾರದೆಂದು ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡ.

ಹೀಗೆ ನಡೆಯುವಾಗ ಅವನಿಗೊಂದು ಬೆರಗು ಕಾದಿತ್ತು. ಬದುಕಿನುದ್ದಕ್ಕೂ ಮುಂದಿನ ರಸ್ತೆ ನೋಡಿದವನು ಅವನು. ಹಿಂದಿನದು ಅಂಗೈಯಗಲದ ಕನ್ನಡಿಯಲ್ಲಿ ಕಂಡಷ್ಟೇ. ಈಗ ಓಣಿ ಅವನಿಂದ ಮೆಲ್ಲಗೆ ದೂರ ಸರಿಯುತ್ತಿತ್ತು, ದೋಣಿಯಲ್ಲಿ ಕೂತವನಿಗೆ ದಡ ಸರಿದಂತೆ. ತಾನು ದಾಟಿ ಹೋದ ಮೇಲೆ ಊರಿನಲ್ಲಿ ಏನೇನಾಗುತ್ತದೆ ಎಂಬುದನ್ನು ಅವನು ಮೊದಲ ಸಲ ಕಂಡ. ಎದುರುಮನೆಯವಳೊಡನೆ ದಿನಾ ಜಗಳವಾಡುವ ಒಬ್ಬ ಹೆಂಗಸು, ಗಾಳಿಗೆ ಬಿದ್ದಿದ್ದ ಅವಳದೇ ಸೀರೆಯನ್ನು ಆಚೀಚೆ ನೋಡಿ ಎತ್ತಿ, ಧೂಳು ಕೊಡವಿ, ಮತ್ತೆ ಹಗ್ಗಕ್ಕೆ ಹಾಕಿದಳು. ಮುದುಕಿ ದುಂಡವ್ವ ತನ್ನ ಕಟ್ಟೆಯ ಮುಂದಿನ ದಾರಿಯಲ್ಲಿದ್ದ ಕಲ್ಲನ್ನು, ಜನರೆಲ್ಲ ಹೋದ ಮೇಲೆ, ಕೋಲಿನಿಂದ ಮೆಲ್ಲಗೆ ಬದಿಗೆ ಸರಿಸಿದಳು. ಊರಿನ ಒಳ್ಳೆಯತನವೆಲ್ಲ ಬೆನ್ನ ಹಿಂದೆಯೇ ನಡೆಯುತ್ತದಲ್ಲ ಎಂದು ಈರಬಸಪ್ಪ ಕನಸಿನಲ್ಲಿದ್ದವನ ಹಾಗೆ ಹಿಂದೆ ಹಿಂದೆ ಹೋದ. ಹಾಗೇ ಹೋಗಿ ಯಾರದೋ ಎಮ್ಮೆಗೆ ತಾಗಿದ. ಎಮ್ಮೆಯೂ ಏನೂ ಅನ್ನಲಿಲ್ಲ.

ಆದರೆ ಓಣಿಯ ಜನ ಎಮ್ಮೆಯಲ್ಲ.

ಮೊದಲು ನೊಂದವನು ಮಾಬುಸಾಬ. ಎದುರುಮನೆಯ ಟೇಲರ್. ಅವನ ಕಟ್ಟೆಯ ಮೇಲೆ ಹೊಲಿಗೆ ಯಂತ್ರದ ಬಲಕ್ಕೆ ಕೂತು ದಿನವೂ ಬೆಳಿಗ್ಗೆ ಚಹಾ ಕುಡಿಯುವುದು ಈರಬಸಪ್ಪನ ಪದ್ಧತಿ. ಅಲ್ಲಿ ಕೂತರೆ ಎಡಗೆನ್ನೆ ಮಾಬುಸಾಬನ ಕಡೆಗೆ ಬರುತ್ತದೆ. ಈಗ ಆ ಕೆನ್ನೆಗೂ ಗೆಳೆಯನಿಗೂ ನಡುವೆ ಟಾವೆಲ್ಲಿನ ಪರದೆ. ಮೊದಲ ದಿನ ಮಾಬುಸಾಬ ತಲೆಯೆತ್ತದೆ ಹೊಲಿದ. ಎರಡನೆಯ ದಿನ ಗುಂಡಿಯೊಂದನ್ನು ತಪ್ಪು ಅಂಗಿಗೆ ಹಚ್ಚಿದ. ಆಮೇಲೆ ತಡೆಯದೆ ಕೇಳಿಯೇಬಿಟ್ಟ.

"ನನ್ನ ಮಾರಿ ನೋಡಾಕ ಇಷ್ಟು ಬ್ಯಾಸರ ಬಂತೇನೋ ಈರಬಸಪ್ಪಾ? ಏನರ ತಪ್ಪಾಗಿದ್ರ ಹೇಳು, ಬೈ. ಹಿಂಗ ಅರಬಿ ಕಟಗೊಂಡು ಕುಂದರಬ್ಯಾಡ."

ಈರಬಸಪ್ಪನ ಕೈ ಟಾವೆಲ್ಲು ತೆಗೆಯಲು ಅರ್ಧ ಏರಿತು. ಆದರೆ ಹುಕುಂ ಹುಕುಂ. ಐತವಾರದ ತನಕ ಏನೂ ಕೇಳಬ್ಯಾಡ ಮಾಬೂ, ಸರ್ಕಾರಿ ಕೆಲಸ ಐತಿ, ಎಂದು ಅವನು ಹೇಳಿದ; ಹೇಳಿದ್ದು ಹಲ್ಲಿನಲ್ಲಿ ಟಾವೆಲ್ಲು ಕಚ್ಚಿಕೊಂಡು. ಹೊರಗೆ ಬಂದದ್ದು, ಬಾಯೊಳಗೆ ಹಸಿ ಹಿಟ್ಟು ಇಟ್ಟುಕೊಂಡವನ ಮಾತು. ಅದರ ಬೆನ್ನಿಗೇ ಅವನು ಚಹಾ ಗುಟುಕರಿಸಿದ. ಅರ್ಧ ಚಹಾ ಒಳಗೆ ಹೋಯಿತು, ಅರ್ಧ ಗದ್ದದ ಮೇಲೆ ಹರಿಯಿತು.

ಬಾಗಿಲಲ್ಲಿ ನಿಂತಿದ್ದ ಮಾಬುಸಾಬನ ಹೆಂಡತಿ ಮಾಬುಬಿ ಅದನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತೊದಲು ಮಾತು, ಸೋರುವ ಬಾಯಿ, ಮುಚ್ಚಿದ ಅರ್ಧ ಮುಖ, ನೆಟ್ಟಗೆ ನಡೆಯಲಾರದ ಕಾಲು. ಅವಳ ತವರಿನಲ್ಲಿ ಚಿಕ್ಕಪ್ಪನಿಗೆ ಹೀಗೇ ಆಗಿತ್ತು. ಲಕ್ವಾ. ಪಾಪದ ಮನುಷ್ಯ ಓಣಿಯವರಿಗೆ ತೋರಗೊಡದೆ ಟಾವೆಲ್ಲಿನಲ್ಲಿ ಮುಚ್ಚಿಕೊಂಡು ತಿರುಗುತ್ತಿದ್ದಾನೆ.

ಮಧ್ಯಾಹ್ನಕ್ಕೆ ಅವಳ ಮನೆಯಿಂದ ಮೆತ್ತಗೆ ಬೇಯಿಸಿದ ಶಾವಿಗಿ ಪಾಯಸ ಬಂತು, ಅಗಿಯುವ ಕೆಲಸವಿಲ್ಲದಂತೆ. ಸಂಜೆಯ ಹೊತ್ತಿಗೆ ಓಣಿಯೆಲ್ಲ ಬಂತು. ಒಬ್ಬರ ಮನೆಯ ಗಂಜಿ, ಇನ್ನೊಬ್ಬರ ಮನೆಯ ನುಣ್ಣನೆಯ ಅನ್ನ ಮಜ್ಜಿಗೆ. ಯಾರೂ ಲಕ್ವಾ ಎಂಬ ಶಬ್ದ ಆಡಲಿಲ್ಲ, ಅವನ ಮನಸ್ಸಿಗೆ ನೋವಾದೀತೆಂದು. ಆದರೆ ಎಲ್ಲರೂ ಅವನೊಡನೆ ಕಿವುಡನ ಹತ್ತಿರ ಮಾತಾಡಿದ ಹಾಗೆ ಜೋರಾಗಿ, ಬಿಡಿಬಿಡಿಸಿ ಮಾತಾಡಿದರು. ದುಂಡವ್ವ ತನ್ನ ಕೋಲನ್ನೇ ತಂದುಕೊಟ್ಟು, ಈಗ ನಿನಗ ಬೇಕಪಾ ಎಂದು ಹೇಳಿ, ಗೋಡೆ ಹಿಡಿದುಕೊಂಡು ಮನೆಗೆ ಹೋದಳು. ಈರಬಸಪ್ಪ ಇದನ್ನೆಲ್ಲ ಬೇರೆಯೇ ತಿಳಿದ. ರೋಹಿಣಿ ಗುಟ್ಟು ಬಿಟ್ಟಿರಬೇಕು. ಕ್ರೀಮಿನ ಡಬ್ಬಿಯ ಮೇಲೆ ಬರಲಿರುವವನನ್ನು ಊರು ಈಗಲೇ ಆದರಿಸುತ್ತಿದೆ. ಕೋಲನ್ನು ಅವನು ಸನ್ಮಾನದಲ್ಲಿ ಕೊಟ್ಟ ವಸ್ತುವಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಗುರವ್ವನಿಗೆ ಮಾತ್ರ ಏನೂ ತಿಳಿಯದೆ, ಮಾಬುಬಿ ಅವಳನ್ನು ಹಿತ್ತಲಿಗೆ ಕರೆದು ಕಿವಿಯಲ್ಲಿ ಹೇಳಿದಾಗ, ಅವಳು ಪಾಯಸದ ಬಟ್ಟಲನ್ನು ಹಿಡಿದೇ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ಶನಿವಾರ ಉಪಕೇಂದ್ರದ ನರ್ಸ್ ನಾಜಮೀನ್ ಸ್ಕೂಟರಿನ ಮೇಲೆ ಬಂದಳು. ಚುರುಕಿನ ಹುಡುಗಿ. ಟಾವೆಲ್ಲು ತೆಗೆಯಿರಿ, ಗಲ್ಲ ಉಬ್ಬಿಸಿರಿ, ಸೀಟಿ ಊದಿರಿ ಎಂದು ಅಂಗಳದಲ್ಲೇ ಶುರು ಮಾಡಿದಳು. ನಡು ಹಗಲು, ನೆತ್ತಿಯ ಮೇಲೆ ಸುಡು ಸೂರ್ಯ.

"ಎಡಕ್ಕ ತೆಗೆಯಂಗಿಲ್ಲವ್ವಾ. ನಾಳಿ ತನಕ ತಡಿ, ನಾಳಿ ಎಲ್ಲಾರಿಗೂ ತೋರಸತೀನಿ," ಎಂದ ಈರಬಸಪ್ಪ, ಹಲ್ಲು ಬಿಡದೆ.

ಟಾವೆಲ್ಲಿನ ಒಂದು ತುದಿ ನಾಜಮೀನಳ ಕೈಯಲ್ಲಿ, ಇನ್ನೊಂದು ತುದಿ ಅವನ ಹಲ್ಲಿನಲ್ಲಿ. ಸ್ವಲ್ಪ ಹೊತ್ತು ಎಳೆದಾಟ ನಡೆದು ಸರ್ಕಾರವೇ ಸೋತಿತು. ರಕ್ತದೊತ್ತಡ ನೋಡಿದರೆ ಹುಡುಗನ ಹಾಗಿದೆ. ಅವಳಿಗೆ ಏನೆಂದು ತಿಳಿಯಲಿಲ್ಲ. ನಾಳೆ ಬೆಳಿಗ್ಗೆಯೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿರಿ, ಅಲ್ಲಿಯ ತನಕ ಹಳ್ಳಿ ಔಷಧಿ ಒಂದೂ ಹಚ್ಚಬೇಡಿರಿ ಎಂದು ಬೆರಳು ತೋರಿಸಿ ಹೇಳಿದಳು. ಹೆಂಗಸರೆಲ್ಲ ಭಕ್ತಿಯಿಂದ ತಲೆಯಾಡಿಸಿದರು. ಸ್ಕೂಟರಿನ ಸಪ್ಪಳ ಊರು ದಾಟುವ ಮೊದಲೇ ಗುರವ್ವನ ಮನೆಯ ಅರಿಷಿಣ, ಮಾಬುಸಾಬನ ಎಲೆಯಡಿಕೆ ಚೀಲದ ಸುಣ್ಣ, ದುಂಡವ್ವನ ತಲೆಯೊಳಗಿನ ವಿದ್ಯೆ ಈ ಮೂರೂ ಒಂದೇ ಬಟ್ಟಲಿಗೆ ಬಿದ್ದು ಕೆಂಪಗಾದವು.

ಒಳಮನೆಯಲ್ಲಿ ಜಮಖಾನದ ಮೇಲೆ ಮಲಗಿದ್ದ ಈರಬಸಪ್ಪನಿಗೆ ಆಗ ಕನಸು ಬಿದ್ದಿತ್ತು. ಕನಸಿನಲ್ಲಿ ಅವನು ರಸ್ತೆಯ ಬದಿಯ ಬಂಡೆಯಾಗಿದ್ದ. ಕಲ್ಲುಹೂವು ಅವನ ಮೇಲೆ ಸಣ್ಣಗೆ, ಯಾವ ಅವಸರವೂ ಇಲ್ಲದೆ ಹಬ್ಬುತ್ತಿತ್ತು. ಅದರ ಅಂಚುಗಳೆಲ್ಲ ಅವನು ಬಸ್ಸು ಓಡಿಸಿದ ರಸ್ತೆಗಳ ತಿರುವುಗಳೇ ಆಗಿದ್ದವು; ಕಲಘಟಗಿಯ ಇಳಿಜಾರು, ಅಳ್ನಾವರದ ಅಡವಿ ಅಂಚು, ಅಣ್ಣಿಗೇರಿಯ ಬಟಾಬಯಲು. ಬಸ್ಸುಗಳು ತಾವೇ ಓಡುತ್ತಿದ್ದವು, ಸದ್ದಿಲ್ಲದೆ, ಒಳಗೆ ಜನರೆಲ್ಲ ನಿದ್ದೆಯಲ್ಲಿ. ಸೂರ್ಯ ಬಂದು ಕದ ತಟ್ಟಿದ. ಒಳಗಿದ್ದವರು ಅಡಿಗೆ ಆಗುತ್ತಿದೆ, ಕೂಡ್ರಿ ಎಂದರು. ಬೆಚ್ಚಗಿನ, ಒದ್ದೆಯ ಕೈಗಳು ಅವನ ಎಡಗೆನ್ನೆಯನ್ನು ಸವರಿದವು. ಎಷ್ಟು ಮೃದು. ವಿಜ್ಞಾನದ ಕೈ ಇಷ್ಟು ಮೆತ್ತಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಎಚ್ಚರವಾದಾಗ ಕೆನ್ನೆ ಬಿಗಿಯಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡ. ರೊಟ್ಟಿಯ ಊರು ಇರಲಿಲ್ಲ. ಅಲ್ಲಿ ಹೊಸದಾಗಿ ಒಂದು ಇಟ್ಟಂಗಿ ಭಟ್ಟಿ ಎದ್ದಿತ್ತು. ಸೀಗೆಕಾಯಿ, ಕಡಲೆಹಿಟ್ಟು, ಸೋಪು ಎಲ್ಲ ಹಾಕಿ ಉಜ್ಜಿದ. ಉಜ್ಜಿದಷ್ಟೂ ಅದು ಬಲಗೆನ್ನೆಯ ಬಣ್ಣಕ್ಕೇ ಹತ್ತಿರವಾಗುತ್ತ ಬಂತು. ಹೀಗೆ ಒಂದೇ ಮಧ್ಯಾಹ್ನದಲ್ಲಿ, ಸ್ಟೇರಿಂಗ್ ಹಿಡಿದಂದಿನಿಂದ ಮೊದಲ ಸಲ, ಈರಬಸಪ್ಪನ ಮುಖ ಒಂದೇ ಊರಾಯಿತು.

ರವಿವಾರ ರೋಹಿಣಿ ಕ್ಯಾಮೆರಾ ಹೊತ್ತು ಬಸ್ಸಿಳಿದು ಬಂದಾಗ ಮನೆಯ ಮುಂದೆ ಟಂಟಂ ಗಾಡಿ ನಿಂತಿತ್ತು. ಹುಬ್ಬಳ್ಳಿಗೆ ಹೋಗುವ ತಯಾರಿ. ಮಾಬುಸಾಬ ದಿಂಬು ಹಿಡಿದಿದ್ದ, ಮಾಬುಬಿ ಬುತ್ತಿ ಕಟ್ಟಿದ್ದಳು. ಈರಬಸಪ್ಪ ಕಟ್ಟೆಯ ಮೇಲೆ ಇಡೀ ಮುಖಕ್ಕೆ ಟಾವೆಲ್ಲು ಹಾಕಿಕೊಂಡು ಕೂತಿದ್ದ, ಮಾಗಲು ಸುತ್ತಿಟ್ಟ ಹಣ್ಣಿನ ಹಾಗೆ. ರೋಹಿಣಿಯ ದನಿ ಕೇಳಿ ಮೆಲ್ಲಗೆ ತೆಗೆದ.

"ತಂಗೀ, ಮಾರಿ ಕೆಡಿಸಿಕೊಂಡೆವ್ವಾ," ಎಂದ. "ಒಂದು ವಾರ ಕಾದಿದ್ದೆ. ಕಡೀ ದಿನ ನಿದ್ದಿ ಹತ್ತಿತು."

ಆಗ ಎಲ್ಲ ಹೊರಬಿತ್ತು. ಬೊಡ್ಡೆ, ಬಿಸಿಲು, ಹಿಮ್ಮುಖ ನಡಿಗೆ, ಹಲ್ಲಿನ ಟಾವೆಲ್ಲು. ಓಣಿಯ ಜನ ಕೇಳುತ್ತ ಕೇಳುತ್ತ ಒಬ್ಬರ ಮುಖ ಒಬ್ಬರು ನೋಡಿದರು. ರೋಹಿಣಿ ಮೊದಲು ಕಾಕಾನ ಕೆನ್ನೆಯನ್ನು ಬೆಳಕಿಗೆ ಹಿಡಿದು, ಸುಟ್ಟಿಲ್ಲ, ಬಣ್ಣವಷ್ಟೇ ಎಂದು ಕಂಡುಕೊಂಡು, ಕೊಬ್ಬರಿ ಎಣ್ಣೆ ತರಿಸಿ ಹಚ್ಚಿದಳು. ಆ ಮೇಲೆ ಅವಳ ಕಣ್ಣಲ್ಲಿ ನೀರು ಬಂತು. ತಾನು ಸುಮ್ಮನೆ ಆಡಿದ ಮಾತೊಂದನ್ನು ಒಬ್ಬರು ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದರಲ್ಲ ಎಂದು.

ದಿಂಬನ್ನು ಗಾಡಿಯಲ್ಲಿಟ್ಟು ಮುಂದೆ ಬಂದವನು ಮಾಬುಸಾಬ. ತಲೆಯ ಟೊಪ್ಪಿಗೆ ತೆಗೆದ. ಹಣೆಯ ಮೇಲ್ಭಾಗದಲ್ಲಿ, ಟೊಪ್ಪಿಗೆಯ ಅಂಚು ಕೂಡುವಲ್ಲಿ, ಹಾಲಿನಂಥ ಒಂದು ಪಟ್ಟಿ.

"ಇದು ನಡೀತೈತೇನು ನೋಡವ್ವಾ. ಇವನ ಮಾರಿ ಕೆಡಿಸಿದ ಸುಣ್ಣ ನಂದು."

ರೋಹಿಣಿ ಕ್ಯಾಮೆರಾ ಎತ್ತಿದಳು. ಅಷ್ಟೇ ಸಾಕಾಯಿತು. ಬಿಸಿಲು ಮರೆತುಹೋದ ತಮ್ಮ ಮೈಯ ಚೂರುಗಳನ್ನೆಲ್ಲ ಜನ ಹುಡುಕಿ ಹುಡುಕಿ ತಂದರು. ಕಳೆ ತೆಗೆಯುವ ಹೆಂಗಸರು ಕಾಲುಂಗುರ ಸರಿಸಿದರು. ಯಾರೋ ಗಡಿಯಾರ ಬಿಚ್ಚಿದರು, ಯಾರೋ ಚಪ್ಪಲಿ. ದುಂಡವ್ವ ಹಸಿರು ಬಳೆಗಳನ್ನು ಮೊಣಕೈಯ ತನಕ ಏರಿಸಿ, ಕೆಳಗೆ ಅಡಗಿದ್ದ ಎಳೆಯ ಬಣ್ಣದ ಮುಂಗೈಯನ್ನು ತಾನೇ ಮೊದಲ ಸಲ ಕಂಡವಳಂತೆ ಸವರಿ ನೋಡಿದಳು.

"ಲಗ್ನ ಆಗಿ ಬಂದಾಗ ನಾ ಪೂರಾ ಈ ಬಣ್ಣ ಇದ್ನೆವ್ವಾ," ಎಂದಳು. "ಇಲ್ಲೇ ಉಳಿದೈತಿ ನೋಡು."

ಎಲ್ಲರೂ ಬೇಕಾದರು. ಈರಬಸಪ್ಪ ಮಾತ್ರ ಬೇಡವಾದ. ಉಳಿದ ಬಸ್ಸುಗಳೆಲ್ಲ ಹೊರಟ ಮೇಲೆ ನಿಲ್ದಾಣದಲ್ಲಿ ಚಕ್ರ ಬಿಚ್ಚಿಟ್ಟು ನಿಲ್ಲಿಸಿದ ಬಸ್ಸಿನ ಹಾಗೆ ಅವನು ಬದಿಗೆ ನಿಂತು, ಊರವರ ಕೈಕಾಲುಗಳು ಧಾರವಾಡಕ್ಕೆ ಹೊರಡುವುದನ್ನು ನೋಡುತ್ತಿದ್ದ. ಅದನ್ನು ಕಂಡ ಮಾಬುಸಾಬ ಹತ್ತಿರ ಹೋಗಿ, ನೀನು ಎಮ್ಮೆಗೆ ಹಾಯ್ದ ದಿನದಿಂದ ಅದು ಹಿಂದೆ ಹಾರ್ನು ಕೇಳಿದರೆ ಸಾಕು ಸೈಡು ಕೊಡುತ್ತಿದೆ ಎಂದು ಕಿವಿಯಲ್ಲಿ ಹೇಳಿದ. ಈರಬಸಪ್ಪ ಬೇಡಬೇಡವೆಂದರೂ ನಕ್ಕ. ನಕ್ಕು, ದುಃಖ ನೆನಪಾಗಿ, ಥಟ್ಟನೆ ನಿಲ್ಲಿಸಿದ.

"ಕಾಕಾ, ಅಲ್ಲೇ ನಿಲ್ರಿ," ಎಂದಳು ರೋಹಿಣಿ.

ನಗು ನಿಂತ ಆ ಗಳಿಗೆಯಲ್ಲಿ ಅವನ ಬಲಗಣ್ಣಿನ ಮೂಲೆಯಿಂದ ಕಪ್ಪು ಕೆನ್ನೆಯ ಮೇಲೆ ಬೆಳ್ಳನೆಯ ಗೆರೆಗಳು ಹರಡಿಕೊಂಡಿದ್ದವು, ಬೆಳಕಿಗೆ ಬೆರಳು ಚಾಚಿದಂತೆ. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ, ನಕ್ಕಾಗ, ಮಡಿಕೆಯೊಳಗೆ ಹೋದ ಚರ್ಮ ಅದು. ಅಷ್ಟು ವರ್ಷ ಕಾದರೂ ಸೂರ್ಯನಿಗೆ ಅದರೊಳಗೆ ಸೀಟು ಸಿಕ್ಕಿರಲಿಲ್ಲ. ರೋಹಿಣಿ ಅದನ್ನು ಎಲ್ಲರಿಗೂ ತೋರಿಸಿದಳು. ಇದು ಯಾವ ಕೈಯಲ್ಲೂ ಕಾಲಲ್ಲೂ ಇಲ್ಲ, ಮೊದಲ ಚಿತ್ರ ಇದೇ, ಎಂದಳು. ಗುರವ್ವ ಬಗ್ಗಿ ನೋಡಿದಳು. ವಾರದ ಚಿಂತೆಯೆಲ್ಲ ಇಳಿದ ದನಿಯಲ್ಲಿ ಹೇಳಿದಳು.

"ಮನಿಯಾಗ ಒಂದಿನಾ ನಕ್ಕವರಲ್ಲ ಇವರು. ಎಲ್ಲಾ ನಗಿ ಬಸ್ಸಿನ್ಯಾಗ ಖರ್ಚ ಮಾಡ್ಯಾರ."

ಓಣಿ ನಕ್ಕಿತು, ಈರಬಸಪ್ಪನೂ ನಕ್ಕ. ನಕ್ಕ ಕೂಡಲೇ ಗೆರೆಗಳು ಮಡಿಕೆಯೊಳಗೆ ಮುಚ್ಚಿಕೊಂಡವು. ನಗಬ್ಯಾಡ್ರಿ ಕಾಕಾ, ಎಂದಳು ರೋಹಿಣಿ. ಅವನು ತುಟಿ ಬಿಗಿದ. ಹೊಟ್ಟೆ ಕುಣಿಯಿತು. ಮಾಬುಸಾಬ ಸತ್ತ ನೆಂಟರ ಹೆಸರುಗಳನ್ನು ಒಂದೊಂದಾಗಿ ನೆನಪಿಸಿದ. ಹುಬ್ಬಳ್ಳಿಗೆ ಹೊರಟರೋ ಇಲ್ಲವೋ ನೋಡಲು ಬಂದಿದ್ದ ನಾಜಮೀನ್ ನಾಡಿ ಹಿಡಿದು ಗಂಭೀರ ಮುಖ ಮಾಡಿದಳು. ದುಂಡವ್ವ ಸುಮ್ಮನೆ ಅಳಲು ನೋಡಿದಳು. ಏನು ಮಾಡಿದರೂ ಆಗಲಿಲ್ಲ. ಬೇಕಾದ ಮುಖ ಹೊತ್ತ ಮನುಷ್ಯನ ನಗು ನಿಲ್ಲಿಸುವುದು ಸುಲಭವಲ್ಲ. ಓಣಿಯ ತುದಿಯಲ್ಲಿ ಧಾರವಾಡದ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಅದರ ಚಾಲಕ, ಹಿರಿಯ ಸಹೋದ್ಯೋಗಿಯ ಫೋಟೋ ನಡೆದಿದೆ ಎಂದು ಕೇಳಿ, ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಪ್ರಯಾಣಿಕರು ಬಲಬದಿಯ ಕಿಟಕಿಗಳಿಂದ ಇಣುಕಿ ನೋಡುತ್ತ ಕೂತರು, ಯಾರಿಗೂ ಅವಸರವಿರಲಿಲ್ಲ. ರೋಹಿಣಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಬಿಸಿಲಲ್ಲಿ, ಕಾಕಾ ನಗು ಮುಗಿಸುವುದನ್ನೇ ಕಾಯುತ್ತ ನಿಂತಿದ್ದಳು.